ಕೆಂಪು ಪಟ್ಟಿಯ ಕಂದೀಲು

ಮಧ್ಯಾಹ್ನ ಹಿಡಿದ ಮಳೆ ಸಂಜೆಯಾದರೂ ಬಿಡುವ ಲಕ್ಷಣ ಕಾಣಲಿಲ್ಲ. ಗಂಗಾವತಿಯ ಹೊರಗೆ, ಮೊನ್ನೆ ಮೊನ್ನೆಯವರೆಗೆ ಭತ್ತ ಬೆಳೆಯುತ್ತಿದ್ದ ಜಾಗದಲ್ಲಿ ಎದ್ದ ಹೊಸ ಬಡಾವಣೆ ಅದು. ರುದ್ರೇಶ ಮತ್ತು ವಾಣಿಶ್ರೀ ಅಲ್ಲಿ ಕಟ್ಟಿಸಿದ ಮನೆಯ ವಾಸ್ತುಶಾಂತಿ ಬೆಳಿಗ್ಗೆಯೇ ಮುಗಿದಿತ್ತು. ಉಂಡವರಲ್ಲಿ ಬಹಳ ಮಂದಿ ಮಳೆಗೆ ಮೊದಲೇ ಹೊರಟುಹೋಗಿದ್ದರು. ಉಳಿದ ಹತ್ತಿರದ ನೆಂಟರು ನಡುಮನೆಯಲ್ಲಿ ಜಮಖಾನೆ ಹಾಸಿಕೊಂಡು, ಮಿಕ್ಕ ಹೋಳಿಗೆಯನ್ನೂ ಊರ ಸುದ್ದಿಯನ್ನೂ ಒಟ್ಟಿಗೇ ಮುಗಿಸುತ್ತಿದ್ದರು.

ಈ ಮನೆಯಲ್ಲಿ ವಾಣಿಶ್ರೀಗೆ ಎಲ್ಲಕ್ಕಿಂತ ಹೆಚ್ಚಿನ ಹೆಮ್ಮೆ ದೀಪಗಳದ್ದು. ಒಂದೊಂದನ್ನೂ ಫೋನಿನಲ್ಲಿ ಹುಡುಕಿ, ಅಂಗಡಿ ಅಂಗಡಿ ಅಲೆದು ಆರಿಸಿದ್ದಳು. ನಡುಮನೆಯ ನೆತ್ತಿಯಿಂದ ಎತ್ತಿನ ಗಾಡಿಯ ಗಾಲಿಯೊಂದು ಸರಪಳಿಯಲ್ಲಿ ತೂಗುತ್ತಿತ್ತು, ಅದರ ಸುತ್ತ ಒಳಗಿನ ತಂತಿ ಕೆಂಪಗೆ ಕಾಣುವ ಬಲ್ಬುಗಳು. ಊಟದ ಮೇಜಿನ ಮೇಲೆ ಹಿತ್ತಾಳೆಯ ಬಣ್ಣದ ಬೋಗುಣಿ ದೀಪ. ಮುಂಬಾಗಿಲಿನ ಹೊರಗೆ, ಜಗುಲಿಯ ಕೊಕ್ಕೆಗೆ, ಥೇಟ್ ಹಳೆಯ ಕಾಲದ್ದೇ ಅನ್ನಿಸುವ ಕಂದೀಲು. ಒಳಗೆ ಕರೆಂಟಿನ ದೀಪ, ಕೆಳಗೆ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಗುಂಡಿ, ಗಾಜಿನ ಸುತ್ತ ಬೆರಳಗಲದ ಕೆಂಪು ಪಟ್ಟಿ. ಬಂದವರೆಲ್ಲ ಅದರ ಕೆಳಗೆ ನಿಂತು ಫೋಟೊ ತೆಗೆಸಿಕೊಂಡಿದ್ದರು.

ಒಬ್ಬಳನ್ನು ಬಿಟ್ಟು. ರುದ್ರೇಶನ ಸೋದರತ್ತೆ ಬಸವಣ್ಣೆಮ್ಮ ಶ್ರೀರಾಮನಗರದಿಂದ ಬಂದಿದ್ದಳು. ಗಾಡಿಯ ಗಾಲಿ ನೆಲದ ಮೇಲೆ ಉರುಳಿದ್ದನ್ನು ಕಂಡಿದ್ದೇನೆ, ತಲೆಯ ಮೇಲೆ ತೂಗಿದ್ದನ್ನು ಇವತ್ತೇ ಕಂಡೆ, ಇನ್ನು ಎತ್ತುಗಳನ್ನು ಮಾಳಿಗೆಯ ಮೇಲೆ ಕಟ್ಟಿದ್ದೀರೇನು ಎಂದು ಕೇಳಿ ಎಲ್ಲರನ್ನೂ ನಗಿಸಿದ್ದಳು. ಆದರೆ ಬಾಗಿಲಿನ ಕಂದೀಲನ್ನು ಕಂಡಾಗ ಮಾತ್ರ ಅವಳು ನಕ್ಕಿರಲಿಲ್ಲ. ಅದನ್ನು ಇಳಿಸಿಬಿಡು ಎಂದು ಬಂದ ಕೂಡಲೇ ಹೇಳಿದ್ದಳು. ವಾಣಿಶ್ರೀ ಕೇಳಿಸದವಳಂತೆ ಒಳಗೆ ಹೋಗಿದ್ದಳು, ಆದರೆ ಆ ಮಾತು ಇಡೀ ದಿನ ಅವಳ ಮನಸ್ಸಿನಲ್ಲಿ ಚುಚ್ಚುತ್ತಲೇ ಇತ್ತು.

ಹೊತ್ತು ಇಳಿಯುವಾಗ ಕರೆಂಟು ಹೋಯಿತು. ಇನ್ವರ್ಟರ್ ಇದ್ದುದರಿಂದ ಗಾಲಿಯ ಬಲ್ಬುಗಳೂ ಹೊರಗಿನ ಕಂದೀಲೂ ಉರಿಯುತ್ತಲೇ ಇದ್ದವು. ಬಸವಣ್ಣೆಮ್ಮ ಮಂಡಿ ಹಿಡಿದುಕೊಂಡು ಎದ್ದು ಬಾಗಿಲ ಪಕ್ಕದ ಸ್ವಿಚ್ಚಿಗೆ ಕೈಹಾಕಿದಳು. ವಾಣಿಶ್ರೀ ಓಡಿಬಂದು ಆ ಕೈ ಹಿಡಿದಳು.

"ವಾಸ್ತುವಿನ ದಿನ ಬಾಗಲದ ದೀಪ ಆರಿಸಬಾರದಂತರಿ ಅತ್ತಿ. ನಾ ಹುಡುಕಿ ತಂದದ್ದು ನಿಮಗ ಸೇರಲಿಲ್ಲಂದ್ರ ನೆಟ್ಟಗ ಹೇಳಿಬಿಡ್ರಿ."

ಮುದುಕಿ ಅವಳ ಮುಖವನ್ನೇ ನೋಡಿದಳು. ಆಮೇಲೆ ಬಾಗಿಲಿಗೆ ಎದುರಾಗಿ, ಕಂದೀಲು ಕಾಣುವಂತೆ, ಗೋಡೆಗೆ ಒರಗಿ ಕುಳಿತಳು. ಹೋಳಿಗೆ ತಿನ್ನುತ್ತಿದ್ದವರು ಒಬ್ಬೊಬ್ಬರೇ ಹತ್ತಿರ ಸರಿದರು.

"ಸೇರಲಾರದ್ದಕ್ಕಲ್ಲ ಯವ್ವಾ... ಆ ಕಂದೀಲು ನನಗ ಭಾಳ ಬೇಕಾದಾಕಿದು, ಅದಕ್ಕ ಅಂದೆ. ಆತು, ಇವತ್ತ ಆರಿಸೂದು ಬ್ಯಾಡ. ಕೂಡ್ರಿ ಎಲ್ಲಾರೂ. ನಡುವ ಎದ್ದು ಚಾ ಮಾಡಾಕ ಹೋಗಬ್ಯಾಡ್ರಿ, ನನಗ ಮಾತು ತಪ್ಪತೈತಿ.

ನಮ್ಮೂರ ಕಾಲುವಿ ದಂಡಿಗೆ ಅಮರಮ್ಮ ಅಂತ ಒಬ್ಬಾಕಿ ಇದ್ಲು. ಆಕಿ ಮನಿಗೂ ನಮ್ಮ ಮನಿಗೂ ನಡುವ ಒಂದ ಗ್ವಾಡಿ. ಆಕಿ ಗಂಡ ಯಮನೂರಪ್ಪ ಮಾತಿನ ಮನುಷ್ಯಾ ಅಲ್ಲ. ಆದ್ರ ಹೇಣ್ತಿ ಹೆಸರು ಕರಿಯೂದರಾಗ ಮಾತ್ರ ಆತಗ ಜಿಪುಣತನ ಇರಲಿಲ್ಲ. ಗದ್ದಿ ಕಡೆಯಿಂದ ಬರಬೇಕಾದ್ರ ದೂರದಿಂದನ 'ಅಮರೀ...' ಅಂತ ಕರಕೋತ ಬರಾಂವ, ಈಕಿ ಒಳಗಿಂದ 'ಓ...' ಅನ್ನಾಕಿ. ಓಣಿಗೆಲ್ಲ ಕೇಳತಿತ್ತು. ನಾವು ಹುಡಿಗ್ಯಾರು ಬಾಯಿಗೆ ಸೆರಗು ಮುಚ್ಚಿಕೊಂಡು ನಗತಿದ್ವಿ. ಆಕಿಗೇನು ಅದರ ಖಬರ?

ಭತ್ತದ ಸೀಮಿ ಅಂದ್ರ ನಿಮಗ ಗೊತ್ತಲ್ಲ, ನೀರಿನ ಪಾಳಿ. ಪಾಳಿ ಬಂದಾಗ ಹೊತ್ತು ನೋಡಂಗಿಲ್ಲ, ಹೋಗಿ ತೂಬು ತಗದು ಗದ್ದಿಗೆ ನೀರು ಕಟ್ಟಬೇಕು. ಹೋದಾಂವ ತಿರುಗಿ ಬರೋ ಹೊತ್ತಿಗೆ ಕತ್ತಲಾಗತೈತಿ ಅಂತ ಎಲ್ಲಾರೂ ಮನಿ ಮುಂದ ಕಂದೀಲು ತೂಗುಹಾಕತಿದ್ರು. ಬಂದಾಂವ ಕಾಲು ತೊಳಕೊಂಡು, ಕಂದೀಲಿನ ಗುಂಡಿ ತಿರುವಿ ಬತ್ತಿ ಸಣ್ಣ ಮಾಡಿ ಒಳಗ ಬರಬೇಕು. ಯಾರ ಸಲುವಾಗಿ ಹಚ್ಚಿದ್ದೋ ಅವರ ಸಣ್ಣ ಮಾಡಬೇಕು, ಬ್ಯಾರೆಯವರು ಕೈ ಹಚ್ಚಂಗಿಲ್ಲ. ಅದು ನಮ್ಮ ಕಡೆ ರೂಢಿ.

ಆದ್ರ ಗದ್ದಿಯೊಳಗ ನಿಂತು ನೋಡಿದ್ರ ಎಲ್ಲಾ ಬೆಳಕೂ ಒಂದ ನಮೂನಿ ಅಲ್ಲೇನು? ನಿನ್ನ ಕಂದೀಲಿಗೆ ಏನರ ಗುರುತು ಮಾಡು, ಇಲ್ಲಂದ್ರ ಒಂದಿನ ಬಸವಣ್ಣೆವ್ವನ ಮನಿ ಹೊಕ್ಕು ಊಟಕ್ಕ ಕೂತುಬಿಡ್ತೀನಿ ಅಂತ ಯಮನೂರಪ್ಪ ನಗಚಾಟಕ್ಕ ಅಂದನಂತ. ಆಗ ಕಾರಹುಣ್ಣಿಮಿ ಮುಗದಿತ್ತು, ಎತ್ತಿನ ಕೋಡಿಗೆ ಹಚ್ಚಿದ ಕೆಂಪು ಬಣ್ಣ ಡಬ್ಬಿಯೊಳಗ ಉಳದಿತ್ತು. ಈಕಿ ಅದನ್ನ ತಗೊಂಡು ಗಾಜಿನ ಸುತ್ತ ಪಟ್ಟಿ ಬರದ್ಲು. ಅಂದಿನಿಂದ ಕಾಲುವಿ ಏರಿ ಮ್ಯಾಲ ನಿಂತ್ರ ಸಾಕು, ಸಾಲು ಬೆಳಕಿನಾಗ ಒಂದಕ್ಕ ಕೆಂಪು ನಡುಪಟ್ಟಿ. ಬಣ್ಣ ಕಾವಿಗೆ ಸುಟ್ಟು ಕರ್ರಗಾದ್ರ ಮುಂದಿನ ಕಾರಹುಣ್ಣಿಮಿಗೆ ಮತ್ತ ಹಚ್ಚೂದು."

ಮುದುಕಿ ಒಮ್ಮೆ ಹೊರಗೆ ನೋಡಿದಳು. ಜಗುಲಿಯಾಚೆ ಮಳೆ ಬಿಳಿಯ ಪರದೆ ಕಟ್ಟಿತ್ತು. ವಾಣಿಶ್ರೀಗೆ ತನ್ನ ಕಂದೀಲಿನ ಕೆಂಪು ಪಟ್ಟಿಯನ್ನು ನೋಡಬಾರದು ಅನ್ನಿಸಿತು, ಆದರೂ ನೋಡಿದಳು. ಅಂಗಡಿಯವನು ಅದನ್ನು ಹೊಸ ಫ್ಯಾಷನ್ ಎಂದಿದ್ದ.

"ಆಕಿ ಮಗ ಹುಲಿಗೇಶ ಇನ್ನೂ ಮೊಲಿ ಬಿಟ್ಟಿರಲಿಲ್ಲ. ಹಿಂಗ... ಇಂಥಾದ ಮಳಿ. ಕಾಲುವಿ ದಂಡಿ ಸಮ ಹರೀತಿತ್ತು. ತೂಬು ತಗ್ಯಾಕ ಹೋದ ಯಮನೂರಪ್ಪ ತಿರುಗಿ ಬರಲಿಲ್ಲ. ಸಲಿಕಿ ಸಿಕ್ತು, ಟಾವೆಲ್ ಸಿಕ್ತು, ಹೆಣ ಮಾತ್ರ ಸಿಗಲಿಲ್ಲ. ಹೆಣ ಸಿಗಲಾರದ ಮನಿಯಾಗ ಅಳೂದು ಸುದ್ದಾ ಪೂರಾ ಆಗಂಗಿಲ್ಲ ನೋಡ್ರಿ. ಇವತ್ತ ಬಂದಾನು, ನಾಳಿ ಬಂದಾನು ಅಂತ ಆಕಿ ದಿನಾ ಸಂಜಿಮುಂದ ಕಂದೀಲು ಹಚ್ಚಿ ಹೊರಗ ತೂಗುಹಾಕಾಕಿ.

ಒಂದಿನ ನಾನು ಒಲಿ ಮುಂದ ರೊಟ್ಟಿ ಬಡೀತಿದ್ನಿ. ಹೊರಗ 'ಅಮರೀ...' ಅಂತ ದನಿ ಬಂತು. ನನಗೂ ಕೇಳಿಸ್ತು, ನಾನ ಸಾಕ್ಷಿ. ಬಡಿಯೋ ಕೈ ಹಂಗ ನಿಂತುಬಿಡ್ತು. ಗ್ವಾಡಿ ಆಚಿ ಅಮರಮ್ಮ ಕೂಸಿನ ಎತ್ತಿಕೊಂಡ ಎದ್ದಾಳ, ಓ ಅನ್ನಾಕ ಬಾಯಿ ತಗದಾಳ... ಆಕಿ ಅತ್ತಿ ಹಾರಿಬಂದು ಬಾಯಿ ಒತ್ತಿ ಹಿಡದ್ಲಂತ. ಸತ್ತವರು ಕರದ್ರ ಓಗೊಡಬಾರದು, ಓಗೊಟ್ರ ಅವರ ಬೆನ್ನಹಿಂದ ನಡದುಬಿಡಬೇಕಾಗತೈತಿ, ನೀ ಹೋದ್ರ ಈ ಕೂಸಿನ ಗತಿ ಏನು ಅಂದ್ಲಂತ. ಈಕಿ ಆ ಓ ಅನ್ನೂದನ್ನ ಹಂಗ ನುಂಗಿದ್ಲು. ಹೊರಗ ಕಂದೀಲಿನ ಗುಂಡಿ ಕಿರ್ ಅಂತು, ಬತ್ತಿ ಸಣ್ಣಾತು. ಹೋಗಿ ನೋಡಿದ್ರ ಒಣ ಕಟ್ಟಿ ಮ್ಯಾಲ ಹಸಿ ಹೆಜ್ಜಿ.

ಅಂದಿನಿಂದ ದಿನಾ. ದಿನಾ ಅಂದ್ರ ದಿನಾ. ಆತ ಬರತಾನ, ಕರೀತಾನ, ಈಕಿ ಸುಮ್ಮನ ಕೂಡತಾಳ, ಬತ್ತಿ ಸಣ್ಣ ಆಗತೈತಿ, ಹೆಜ್ಜಿ ಹೊಳ್ಳಿ ಹೋಗತಾವ. ನಿಮಗ ತಿಳೀತೈತೇನು, ಬೇಕಾದ ಮನುಷ್ಯಾ ಬಾಗಲದಾಗ ನಿಂತು ಕರದ್ರ ಬಾಯಿ ಮುಚ್ಚಿಕೊಂಡು ಕೂಡೂದಂದ್ರ ಏನಂತ? ಹೆದರಿ ಕೂತಿದ್ಲು ಅಂತ ಮಂದಿ ತಿಳದಿರಬೇಕು. ಹೆದರಿಕಿ ಅಲ್ಲ ಯವ್ವಾ. ನನ್ನ ಮುಂದ ಒಂದಿನ ಅಂದ್ಲು, 'ಬಸವಣ್ಣೆವ್ವಾ, ಹುಲಿಗೇಶ ಒಂದು ದಾರಿಗೆ ಹತ್ತಲಿ. ಆಮ್ಯಾಲ ನಾ ಓ ಅಂತೀನಿ. ಅಲ್ಲೀತನಕ ಅವರು ಕರೀತಿರಲಿ, ಅಷ್ಟ ಸಾಕು ನನಗ.'

ಮಗ ಬೆಳದ. ಎತ್ತು ಹೋಗಿ ಟ್ರ್ಯಾಕ್ಟರ್ ಬಂತು. ಆದ್ರೂ ಪ್ರತಿ ಕಾರಹುಣ್ಣಿಮಿಗೆ ಆಕಿ ಕೋಡಿನ ಬಣ್ಣ ತರಾಕ ಹೋಗಾಕಿ. ಎತ್ತ ಇಲ್ಲಲ್ಲಬೇ, ಯಾರ ಕೋಡಿಗೆ ಹಚ್ಚತಿ ಅಂತ ಅಂಗಡ್ಯಾಂವ ಚಾಷ್ಟಿ ಮಾಡಾಂವ. ಚಿಮಣಿ ಎಣ್ಣಿ ಸಿಗೂದು ನಿಂತ ಮ್ಯಾಲ ಹುಲಿಗೇಶ ಎಲ್ಲೆಲ್ಲಿಂದೋ ತಂದುಕೊಡತಿದ್ದ. ಮಗ ಅಂದ್ರ ಹಂಗಿರಬೇಕು, ಅವ್ವಗ ಯಾಕ ಅಂತ ಒಂದಿನ ಕೇಳಲಿಲ್ಲ. ಆಕಿ ತಲಿ ಬೆಳ್ಳಗಾತು, ಬೆನ್ನು ಬಾಗ್ತು. ಆತನ ದನಿ ಮಾತ್ರ ಹರೇದಾಂವನ ದನಿ, ಹೋದ ದಿನ ಹೆಂಗಿತ್ತೋ ಹಂಗ. ಆಕಿಗೆ ಒಂದ ಅಂಜಿಕಿ. 'ಮಾರಿ ಬದಲಾತು, ಮನಿ ಬದಲಾತು. ಈ ಕಂದೀಲ ಇಲ್ಲಂದ್ರ ಅವರು ನನ್ನ ಗುರುತ ಹಿಡೀತಾರೇನ ಬಸವಣ್ಣೆವ್ವಾ?' ಅಂತಿದ್ಲು."

ಬಸವಣ್ಣೆಮ್ಮ ನೀರು ಕೇಳಿದಳು. ವಾಣಿಶ್ರೀ ತಂದುಕೊಟ್ಟಳು. ರುದ್ರೇಶ ನಗಲೋ ಬೇಡವೋ ಎಂಬಂತೆ ಕುಳಿತಿದ್ದ.

"ಹುಲಿಗೇಶ ಇಲ್ಲೇ ಗಂಗಾವತ್ಯಾಗ ಲೈಟಿನ ಅಂಗಡಿ ಇಟ್ಟ. ಮಂದಿಗೆಲ್ಲ ನಿಮ್ಮಂಗ ಹೊಸಾ ಮನ್ಯಾಗ ಹಳೇ ದೀಪ ಬೇಕಾಗಿತ್ತು. ಕತ್ತಲಾದ್ರೂ ನಡದೀತು, ಹಳೇದು ಕಾಣಬೇಕು. ಅವ್ವನ ಕಂದೀಲ ನೋಡಿ, ಇದರಂಗ ಮಾಡಿಸಿದ್ರ ಹೆಂಗ ಅಂತ ಅವನಿಗೆ ಹೊಳೀತು. ಹೊತ್ತು ಮುಣುಗೂದರೊಳಗ ತಂದುಕೊಡು ಅಂತ ಹೇಳಿ ಅವ್ವ ಕೊಟ್ಲು. ತಗಡಿನ ಕೆಲಸದ ನದೀಮ ಅದನ್ನ ಅಳತಿ ಮಾಡಿ ಥೇಟ್ ಹಂಗ ಒಂದು ಮಾಡಿದ. ಗುಂಡಿ ಇಟ್ಟ, ತಳದಾಗಿದ್ದ ತಗ್ಗು ಸುದ್ದಾ ಇಟ್ಟ. ಕೆಂಪು ಪಟ್ಟಿ ಒಂದ ಬಿಟ್ಟಿದ್ದ, ಬಣ್ಣದ ಕಲಿ ಅಂತ ತಿಳದು. ಅದನ್ನ ಹಚ್ಚಿಸಿದಾಕಿ ಯಾರು ಗೊತ್ತೇನು? ಅಮರಮ್ಮನ.

ಯಾಕ ಅಂತೀರಿ? ಗದ್ದಿ ಹೋಗಿ ಪ್ಲಾಟ್ ಆದ್ವು, ಕಾಲುವಿಗೂ ಮನಿಗೂ ನಡುವ ಬಡಾವಣಿ ಎದ್ವು, ಬೀದಿ ದೀಪ ಬಂದ್ವು. ಆತನ ದನಿ ವರ್ಷಾ ವರ್ಷಾ ದೂರಾಗಾಕ ಹತ್ತಿತ್ತು. ಮದ್ಲ ಕಟ್ಟಿ ಮ್ಯಾಲ ಕೇಳತಿದ್ದುದು, ಆಮ್ಯಾಲ ಓಣಿ ತುದಿಗೆ. ದಾರಿ ತುಂಬ ಇದ ಬೆಳಕಿದ್ರ ಅವರು ಲಗೂನ ಬರತಾರ ಅಂತ ಆಕಿ ಲೆಕ್ಕ. ಮನಿ ಮನಿಗೆ ಈ ಕಂದೀಲು ತೂಗಿದಂಗೆಲ್ಲ ಆಕಿಗೆ ಹಿಗ್ಗು. ಹುಲಿಗೇಶನ ಮದಿವಿ ಆತು, ಮೊಮ್ಮಗಳ ತೊಟ್ಟಲಾ ಆತು. ಇನ್ನ ನನ್ನ ಕೆಲಸ ಮುಗೀತು ಅಂದ್ಲು. ಆ ವರ್ಷ ಕಾರಹುಣ್ಣಿಮಿಗೆ ಮಿಂದು, ಇಳಕಲ್ಲ ಸೀರಿ ಉಟ್ಟು, ಕಂದೀಲಿಗೆ ಹೊಸಾ ಬಣ್ಣ ಹಚ್ಚಿ ತೂಗುಹಾಕಿದ್ಲು. ದಿನಾ ಬಾಗಲಕ್ಕ ಬೆನ್ನು ಮಾಡಿ ಕೂಡಾಕಿ ಅವತ್ತ ಮಾರಿ ಮಾಡಿ ಕೂತ್ಲು. ಓ ಅನ್ನಾಕ.

ಆತ ಬರಲಿಲ್ಲ.

ಮರದಿನಾನೂ ಬರಲಿಲ್ಲ. ಅತ್ತಾಗ ಹುಲಿಗೇಶನ ಅಂಗಡಿಗೆ ಮಂದಿ ಬರಾಕ ಹತ್ತಿದ್ರು, ಸಂಜಿ ಆದ್ರ ನಿಮ್ಮ ಕಂದೀಲು ತನ್ನಷ್ಟಕ್ಕ ಸಣ್ಣ ಆಗತೈತಿ, ಏನಪ್ಪಾ ಇದು ಅಂತ. ವೋಲ್ಟೇಜ್ ಇಲ್ಲ ಅಂತ ಅಂವ ಸಮಾಧಾನ ಹೇಳಿ ಕಳಸತಿದ್ದ. ಸಾಣಾಪುರದ ಕೆರಿ ದಂಡಿಗೆ ಹೊರಗಿನ ಮಂದಿ ಬಂದು ಇಳಕೊಳ್ಳೋ ಮನಿ ಅದಾವಲ್ಲ, ಅಲ್ಲೆಲ್ಲ ಇವ ಕಂದೀಲು. ತೋಯಿಸಿಕೊಂಡ ಹರೇದಾಂವ ಒಬ್ಬ ಬಾಗಲದಾಗ ನಿಂತಿದ್ದನಂತ. ಯಾರೋ ಅವನ್ನ ಕೆಲಸದಾಂವ ಅಂತ ತಿಳದು ಚಾ ತಗೊಂಡ ಬಾ ಅಂದ್ರಂತ. ಆತ ಅವರ ಮಾರಿ ಒಂದೊಂದ ನೋಡಿ, ದೀಪ ಸಣ್ಣ ಮಾಡಿ ಹೋದನಂತ.

ಅಮರಮ್ಮಗ ಆಗ ತಿಳೀತು. ಆತ ಬರೂದು ನಿಂತಿಲ್ಲ. ಕೆಂಪು ಪಟ್ಟಿ ಇದ್ದ ಬಾಗಲಕ್ಕೆಲ್ಲ ಹೋಗಿ ಇದ ನಮ್ಮ ಮನಿ ಅಂತ ನಿಂತು ಕರೀತಾನ. ಯಾರೂ ಓ ಅನ್ನಂಗಿಲ್ಲ. ಮುಂದಿನ ಬಾಗಲಕ್ಕ ಹೋಗತಾನ.

ಮುಂದ ಆಕಿ ಮನ್ಯಾಗ ಕೂಡಲಿಲ್ಲ. ದೀಪ ಹಚ್ಚೋ ಹೊತ್ತಿಗೆ ಕಂದೀಲ ಹಿಡಕೊಂಡು ಹೊರಡಾಕಿ. ಬಂದಿದ್ರೇನ್ರೀ, ಯಾ ಕಡೆ ಹೋದ್ರು ಅಂತ ಬಾಗಲಾ ಬಾಗಲಾ ಕೇಳಾಕಿ. ಈಗಷ್ಟ ದೀಪ ಸಣ್ಣ ಆತಬೇ ಅನ್ನೋರು. ಈಗಷ್ಟ... ಯಾವಾಗ್ಲೂ ಈಗಷ್ಟ. ಹುಲಿಗೇಶ ಹೊಸಾವು ಮಾಡೂದು ಬಿಟ್ಟ, ಕೈಮುಗದು ಕೆಲವ್ರ ಮನ್ಯಾಗಿನ ಕಂದೀಲು ಇಳಿಸಿದ. ಆದ್ರ ಅಷ್ಟೊತ್ತಿಗೆ ಬ್ಯಾರೆ ಊರಾಗ ಬ್ಯಾರೆಯವರು ನೋಡಿ ಮಾಡಾಕ ಹತ್ತಿದ್ರು. ಯಾರ ಕೈ ಹಿಡೀತಾನ?

ಒಂದ ಸಂಜಿಮುಂದ ಗುರುತಿಲ್ಲದವರ ಮನಿ ಬಾಗಲ ಮುಂದಿನ ಪಾವಟಿಗಿ ಮ್ಯಾಲ ಆಕಿ ಕೂತಿದ್ಲು. ಕಂದೀಲ ತೊಡಿ ಮ್ಯಾಲ ಇತ್ತು. ಜೀವ ಇರಲಿಲ್ಲ. ಬಾಯಿ ಮಾತ್ರ ದುಂಡಗ ತೆರದಿತ್ತು, ಓ ಅಂದವರ ಹಂಗ. ಆತ ಕರದ, ಈಕಿ ಓಗೊಟ್ಲು, ಇಬ್ರೂ ಕೂಡಿದ್ರು ಅಂತ ನಾವೆಲ್ಲ ಅತ್ತು ಸಮಾಧಾನ ಮಾಡಿಕೊಂಡ್ವಿ. ಅವ್ವಗ ಇದಕ್ಕಿಂತ ಬೇಕಾದ್ದು ಯಾವದಿತ್ತು ಅಂತ ಹುಲಿಗೇಶ ಆ ಕಂದೀಲನ್ನೂ ಆಕಿ ಜೋಡಿನ ಮಣ್ಣು ಮಾಡಿಸಿದ. ಪ್ರೀತಿಲೆ ಮಾಡಿದ, ಪಾಪ. ಆದ್ರ ಖರೇ ಕಂದೀಲು ಅಂತ ಭೂಮಿ ಮ್ಯಾಲ ಇದ್ದದ್ದು ಅದೊಂದ, ಅದೂ ಮಣ್ಣಾಗ ಹೋತು. ಇನ್ನ ಆತ ಯಾವದನ್ನ ನೋಡಿಕೊಂಡ ಬರಬೇಕು?"

ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ವಾಣಿಶ್ರೀಗೆ ಬೆಳಗಿನಿಂದ ಈ ಹೆಂಗಸಿನ ಮೇಲೆ ಮುನಿಸಿಕೊಂಡಿದ್ದಕ್ಕೆ ನಾಚಿಕೆಯಾಗಿತ್ತು. ಹಾಗಾದರೆ ಅವರು ಕೂಡಿದರೋ ಇಲ್ಲವೋ ಎಂದು ಅವಳೇ ಮೆಲ್ಲಗೆ ಕೇಳಿದಳು.

"ಕೂಡಿದ್ರ ನಾ ಯಾಕ ನಿನ್ನ ಕಂದೀಲು ಇಳಸಂತಿದ್ನಿ? ಓ ಅಂದ್ಲೋ, ಅನ್ನಾಕ ಬಾಯಿ ತಗದು ಅಷ್ಟರಾಗ ಜೀವ ಹೋತೋ, ಯಾರಿಗೆ ಗೊತ್ತು? ಆಕಿ ಹೋದ ಮ್ಯಾಲ ಮಂದಿ ಇನ್ನೊಂದು ಹೇಳಾಕ ಹತ್ತಿದ್ರು. ಕಂದೀಲು ಮದ್ಲ ಸಣ್ಣ ಆಗತೈತಿ. ಸ್ವಲ್ಪ ಹೊತ್ತಿನ ಮ್ಯಾಲ ಅದು ತಾನ ದೊಡ್ಡದಾಗತೈತಿ. ಸಣ್ಣ ಮಾಡಾಂವ ಆತ. ಹಿಂದಿನಿಂದ ಬಂದು ದೊಡ್ಡದು ಮಾಡಾಕಿ ಆಕಿ, ಎಲ್ಲೆದಾನೋ ಅಲ್ಲಿಂದ ಕಾಣಲಿ ಅಂತ. ಆಮ್ಯಾಲ ಬಾಗಲದಾಗ ನಿಂತು ಕೇಳತಾಳ, ಬಂದಿದ್ರೇನ್ರೀ, ಯಾ ಕಡೆ ಹೋದ್ರು ಅಂತ. ಆತ ಕರದ್ರ ಓಗೊಡಬಾರದು. ಆಕಿ ಕೇಳಿದ್ರ ಹೇಳಬೇಕು. ಒಬ್ಬರರ ಬಾಯಿಬಿಟ್ಟು ಹೇಳಿದ್ರ ಆಕಿ ಆತನ ಮುಟ್ಟತಾಳ. ಆದ್ರ ಎಲ್ಲಾರೂ ಅಂಜಿ ಬಾಗಲಾ ಹಾಕ್ಕೋತಾರ. ನನ್ನ ಮನಿಗೆ ಆ ಕಂದೀಲು ಇಲ್ಲ ಯವ್ವಾ, ಇದ್ದಿದ್ರ ನಾನ ಹೇಳತಿದ್ನಿ."

ಮಳೆಯ ಸದ್ದಿನ ಅಡಿಯಿಂದ, ಗೇಟಿನ ಕಡೆಯಿಂದಲೋ ಇನ್ನೂ ಆಚೆಯಿಂದಲೋ, ಯಾರೋ ಎಳೆದು ಕರೆದ ಹಾಗಾಯಿತು. ಗಂಡಸಿನ ದನಿ, ಎಳೆಯ ದನಿ. ನೆಂಟರಲ್ಲಿ ಯಾರೋ ತಿರುಗಿ ಬಂದಿರಬೇಕು ಎಂದುಕೊಂಡ ವಾಣಿಶ್ರೀ ರೂಢಿಯಂತೆ ಓಗೊಡಲು ಬಾಯಿ ತೆರೆದಳು. ಬಸವಣ್ಣೆಮ್ಮನ ಒರಟು ಅಂಗೈ ಅವಳ ಬಾಯಿಯನ್ನು ಒತ್ತಿ ಹಿಡಿಯಿತು.

ಹೊರಗೆ ಗುಂಡಿ ಕಿರ್ ಎಂದಿತು. ಕಂದೀಲಿನ ಬೆಳಕು ಇಳಿಯುತ್ತಾ ಇಳಿಯುತ್ತಾ ಬಂದು, ಕೆಂಪು ಪಟ್ಟಿಯೊಂದೇ ಮಂಕಾಗಿ ಉಳಿಯಿತು.

ಇನ್ವರ್ಟರ್ ಬ್ಯಾಟರಿ ಮುಗಿದಿರಬೇಕು ಎಂದ ರುದ್ರೇಶ. ಅವನ ತಲೆಯ ಮೇಲೆ ಗಾಡಿಯ ಗಾಲಿ ಪೂರಾ ಉರಿಯುತ್ತಿತ್ತು.

ಬಸವಣ್ಣೆಮ್ಮ ಕೈ ತೆಗೆದು ವಾಣಿಶ್ರೀಯ ರಟ್ಟೆ ಹಿಡಿದುಕೊಂಡು ಹೊಸ್ತಿಲವರೆಗೆ ಹೋದಳು. ಜಗುಲಿಗೆ ಚಾವಣಿ ಇತ್ತು, ಮಳೆ ಅಲ್ಲಿಯವರೆಗೆ ಬಂದಿರಲಿಲ್ಲ. ಒಣಗಿದ ಹೊಸ ಗ್ರಾನೈಟಿನ ಮೇಲೆ ಬರಿಗಾಲಿನ ಹಸಿ ಹೆಜ್ಜೆಗಳು ಬಾಗಿಲವರೆಗೆ ಬಂದು, ಸ್ವಲ್ಪ ಹೊತ್ತು ನಿಂತದ್ದಕ್ಕೆ ಅಲ್ಲಿ ನೀರು ಮಡುಗಟ್ಟಿ, ಆಮೇಲೆ ಎಡಕ್ಕೆ ತಿರುಗಿ ಹೋಗಿದ್ದವು. ನೋಡುತ್ತಿದ್ದಂತೆಯೇ ಅವುಗಳ ಅಂಚು ಆರತೊಡಗಿತು.

"ಬಾಗಲಾ ಹಾಕಬ್ಯಾಡ," ಎಂದಳು ಮುದುಕಿ, ಮಗುವಿಗೆ ಹೇಳುವಷ್ಟು ಮೆತ್ತಗೆ. "ಎಡಕ್ಕ ಹೋಗ್ಯಾನ, ನೆನಪಿಟ್ಟಕೋ. ಹೆಜ್ಜಿ ಆರೂದರಾಗ ಆಕಿ ಬರತಾಳ. ಈ ಮನಿ ನಿನ್ನದು ಯವ್ವಾ... ಕೇಳಿದ್ರ ನೀನ ಹೇಳಬೇಕು."